ಗೆರೆಯ ಆಚೆಗೆ ಕೂತ ಅವ್ವ

ತಮ್ಮನ ಫೋನು ಬಂದಾಗ ನಾನು ಮೂಡಲಗಿಗೆ ಹೋಗುವ ಬಸ್ಸಿನಲ್ಲಿದ್ದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಇಳಿಯುವ ಗದ್ದಲ. ಒಂದು ಕಿವಿಗೆ ಬೆರಳಿಟ್ಟು ಇನ್ನೊಂದರಲ್ಲಿ ಕೇಳಿಸಿಕೊಂಡೆ.

"ಅಣ್ಣಾ, ಅವ್ವ ಆ ಕಡೆ ಹೋಗ್ಯಾಳ."

ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸತ್ತವರು ಎಲ್ಲಿಗಾದರೂ ಹೋಗಬಹುದು ಎಂಬ ಚಿಂತೆ ನನ್ನ ಚಿಂತೆಗಳ ಸಾಲಿನಲ್ಲಿ ಅಲ್ಲಿಯವರೆಗೆ ಇರಲಿಲ್ಲ.

"ಎಲ್ಲಿಗೆ ಹೋಗ್ಯಾಳೋ?"

"ಖಬರಸ್ತಾನದೊಳಗ. ನಿನ್ನೆ ಸರ್ವೇದವರು ಬಂದು ಗೆರಿ ಹಾಕಿದ್ರು. ಅವ್ವನ ಸಮಾಧಿ ಅವರ ಹದ್ದಿನ್ಯಾಗ ಬಂತು. ಊರಾಗ ಮಂದಿ ಮಾತಾಡಾಕತ್ತಾರ. ನೀ ಬಾ."

ನಾನು ಇರುವುದು ಗೋಕಾಕದಲ್ಲಿ, ಪಗಾರ ಕೊಡುವುದು ಮೂಡಲಗಿಯ ಕಾಲೇಜು, ಅಪ್ಪ ಮತ್ತು ತಮ್ಮನ ಸಂಸಾರ ಇರುವ ಊರು ಹುಕ್ಕೇರಿ ತಾಲೂಕಿನದು. ಹೀಗಾಗಿ ಮೂರು ತಾಲೂಕುಗಳ ಚಿಂತೆಯನ್ನು ಒಬ್ಬನೇ ನಿಭಾಯಿಸುತ್ತೇನೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬುದು ಅರಭಾವಿಯವರೆಗೆ ಸಾಕಾಗುತ್ತದೆ. ಅಲ್ಲಿಂದ ಕಲ್ಲೋಳಿಯವರೆಗೆ ರಕ್ತದೊತ್ತಡ. ಕಲ್ಲೋಳಿ ದಾಟಿದ ಮೇಲೆ ದೇಶ. ನಮ್ಮದು ಶರಣರ ಮಾರ್ಗದ ಮನೆತನ. ಅಪ್ಪ ಜ್ವರ ಬಂದರೂ ಲಿಂಗಪೂಜೆ ಬಿಟ್ಟವನಲ್ಲ. ನಾನು ಬಿಡದೆ ಮಾಡುವುದು ಚಿಂತೆಯೊಂದನ್ನೇ, ಅದನ್ನು ಮಾತ್ರ ತ್ರಿಕಾಲ. ಕೊರಳಲ್ಲಿರಬೇಕಾದ ನನ್ನ ಲಿಂಗ ಬಹಳ ಕಾಲದಿಂದ ಕಪಾಟಿನಲ್ಲಿ, ಹಳೆಯ ಕನ್ನಡಕದ ಬಾಜೂಕ್ಕೆ ಸುರಕ್ಷಿತವಾಗಿದೆ.

ಅಂದು ಕಾಲೇಜಿನಲ್ಲಿ ನನ್ನ ಪಾಠ ಯಾವುದೋ ರಾಜರ ನಡುವಿನ ಒಪ್ಪಂದದ್ದಾಗಿತ್ತು. ಇತಿಹಾಸದ ಮೇಷ್ಟ್ರಿಗೆ ಒಪ್ಪಂದಗಳು ಸುಲಭ, ಎಲ್ಲರೂ ಸತ್ತಿರುತ್ತಾರೆ.

ಅವ್ವನ ಸಮಾಧಿ ಆ ಕಡೆ ಹೇಗೆ ಹೋಯಿತು ಎಂಬುದನ್ನು ಹೇಳಬೇಕು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ, ಅದೂ ಕೂಡಿಸಿ. ಆಳದ ಕುಣಿ ತೋಡಿ, ಒಳಗಿನ ಗೋಡೆಯಲ್ಲಿ ಗೂಡು ಕೊರೆದು, ಪದ್ಮಾಸನದಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಮುಚ್ಚುತ್ತೇವೆ. ಊರಿನ ಮುಸಲ್ಮಾನರೂ ಹೂಳುವವರೇ, ಅವರು ಮಲಗಿಸುತ್ತಾರೆ. ಕೂತವರು ಒಂದು ಕಡೆ, ಮಲಗಿದವರು ಒಂದು ಕಡೆ, ನಡುವೆ ಒಂದು ಸಾಲು ಜಾಲಿಗಿಡ. ಆ ಸಾಲನ್ನೂ ಊರ ಆಡುಗಳು ಎರಡೂ ಕಡೆಯಿಂದ ಪಕ್ಷಪಾತವಿಲ್ಲದೆ ತಿಂದು ಮುಗಿಸಿದ್ದವು.

ಅವ್ವ ಹೋದದ್ದು ಬಿಡದ ಮಳೆಯಲ್ಲಿ. ನಮ್ಮ ಕಡೆಯದು ಎರೆಮಣ್ಣು, ತಗ್ಗು. ಎಲ್ಲಿ ತೋಡಿದರೂ ಕುಣಿಯಲ್ಲಿ ನೀರು. ತೋಡುವವರು ಹಾರೆ ಊರಿಕೊಂಡು ನಿಂತಿದ್ದರು, ಅಪ್ಪ ನೀರನ್ನು ನೋಡುತ್ತ ನಿಂತಿದ್ದ. ಆಗ ಬಂದವನು ಕಾಕಾ. ಊರೆಲ್ಲ ಅವನನ್ನು ಕಾಕಾ ಎಂದೇ ಕರೆಯುವುದು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದು, ನಿವೃತ್ತಿಯಾಗಿ ಊರಿಗೆ ಬಂದು ಖಬರಸ್ತಾನದ ಉಸ್ತುವಾರಿ ನೋಡಿಕೊಂಡಿದ್ದವನು. ಅಪ್ಪನ ಜೊತೆ ಸಾಲಿಗೆ ಹೋದವನು, ಅಥವಾ ಇಬ್ಬರೂ ಕೂಡಿ ಸಾಲಿ ತಪ್ಪಿಸಿದವರು. ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು, ಜಾಲಿಸಾಲು ಇದ್ದ ಜಾಗದ ಆಚೆ ನಿಂತಿದ್ದ.

"ಇಲ್ಲಿ ಈ ಕಡೆ ಗರಸು ಮಣ್ಣೈತಿ, ಎತ್ತರಾನೂ ಐತಿ. ಇಲ್ಲೇ ತೋಡ್ರಿ," ಅಂದ. "ವೈನಿ ನೀರಾಗ ಕುಂದ್ರಬಾರ್ದು."

ತೋಡಿದರು. ಕೂಡಿಸಿದೆವು. ಅದನ್ನು ಆಗ ಯಾರೂ ಸೌಹಾರ್ದ ಎಂದು ಕರೆಯಲಿಲ್ಲ. ನೀರು ನಿಲ್ಲದ ಜಾಗ ಎಂದಷ್ಟೇ ಕರೆದರು.

ಅಂದಿನಿಂದ ಅಪ್ಪ ಪ್ರತಿ ಸೋಮವಾರ ಅಲ್ಲಿಗೆ ಹೋಗುತ್ತಿದ್ದ. ನಮ್ಮ ಧರ್ಮದ ಪ್ರಕಾರ ಸತ್ತವರು ಲಿಂಗದಲ್ಲಿ ಐಕ್ಯರಾದರು. ತಿಥಿಯಿಲ್ಲ, ಪಿಂಡವಿಲ್ಲ, ಮಣ್ಣಿನಲ್ಲಿ ಯಾರೂ ಉಳಿದಿರುವುದಿಲ್ಲ. ಇದನ್ನು ಊರಿಗೆಲ್ಲ ತಿಳಿಸಿ ಹೇಳುತ್ತಿದ್ದವನು ಅಪ್ಪನೇ. ಆದರೆ ಸೋಮವಾರ ಮಲ್ಲಿಗೆ ಹಿಡಿದು ಹೋಗಿ, ಮಣ್ಣಿನ ದಿಬ್ಬದ ಎದುರು ಕೂತು, ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಎಮ್ಮೆ ಈದದ್ದು, ನನ್ನ ಬಿಪಿ ಗುಳಿಗೆ ಬದಲಾದದ್ದು, ತಮ್ಮನ ಹೆಂಡತಿಯ ಪಲ್ಯದಲ್ಲಿ ಉಪ್ಪು ಹೆಚ್ಚಾದದ್ದು. ದನ ಕಾಯುವವರು ಕೇಳಿಸಿಕೊಂಡು ನಮ್ಮ ಮನೆಯ ಸುದ್ದಿಯನ್ನು ನಮಗಿಂತ ಮೊದಲು ಊರಿಗೆ ಮುಟ್ಟಿಸುತ್ತಿದ್ದರು. ತಮ್ಮನ ಹೆಂಡತಿ ಸಿಟ್ಟಾಗಿ, "ಅತ್ತಿ ಇದ್ದಾಗಲೂ ಇಷ್ಟು ಚಾಡಿ ಇರಲಿಲ್ಲ" ಅಂದಿದ್ದಳು. ಅಪ್ಪ ಬಿಡಲಿಲ್ಲ. ವಾರದಲ್ಲಿ ಅವನು ನಾಲ್ಕು ಮಾತು ಆಡುತ್ತಿದ್ದ ಜಾಗ ಅದೊಂದೇ ಆಗಿತ್ತು.

ಸರ್ವೇ ಆದದ್ದು ಕಾಂಪೌಂಡಿನ ಸಲುವಾಗಿ. ಎರಡೂ ಕಡೆಯವರೂ ಗೋಡೆ ಬೇಕು ಅಂದಿದ್ದರು, ಸರಕಾರದಿಂದ ಮಂಜೂರಾಗಿತ್ತು, ಟ್ರ್ಯಾಲಿಗಟ್ಟಲೆ ಕಲ್ಲು ಬಂದು ಬಿದ್ದಿತ್ತು. ಗೆರೆ ಎಳೆದಾಗ ಅವ್ವ ಸ್ಪಷ್ಟವಾಗಿ ಆಚೆ ಇದ್ದಳು.

ಎರಡು ದಿನ ಕಳೆಯುವುದರೊಳಗೆ ಯಾರೋ ಹೋಗಿ ದಿಬ್ಬಕ್ಕೆ ಸುಣ್ಣ ಬಳಿದು, ಒಂದು ಧ್ವಜ ನೆಟ್ಟರು. ಸಮಾಧಿ ಎಂಬ ಮಾತು ಹೋಗಿ ಗದ್ದಿಗಿ ಎಂಬ ಮಾತು ಬಂತು. ಗದ್ದಿಗಿ ಇದ್ದಲ್ಲಿ ಮಠ ಇದ್ದಿರಲೇಬೇಕು, ಮಠ ಇದ್ದರೆ ಜಮೀನೆಲ್ಲ ನಮ್ಮದೇ. ಇತಿಹಾಸದ ಮೇಷ್ಟ್ರಾಗಿ ಹೇಳುತ್ತೇನೆ, ಇಷ್ಟು ವೇಗವಾಗಿ ಇತಿಹಾಸ ತಯಾರಾಗುವುದನ್ನು ನಾನು ನೋಡಿರಲಿಲ್ಲ. ನಮ್ಮ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟ ತರುಣನೊಬ್ಬ ಅದಕ್ಕೆ ಡೋಲಿನ ಸಂಗೀತ ಹಚ್ಚಿ ವಿಡಿಯೋ ಮಾಡಿ ಬಿಟ್ಟ. ನನ್ನವ್ವ ಯಾರಾದರೂ ಫೋಟೋ ತೆಗೆಯಲು ಬಂದರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದವಳು. ಈಗ ಮೂರೂ ತಾಲೂಕಿನ ಫೋನುಗಳಲ್ಲಿ ತಿರುಗತೊಡಗಿದಳು. ಸ್ಟಾಫ್ ರೂಮಿನಲ್ಲಿ ಒಬ್ಬರು ಚಹಾ ಕುಡಿಯುತ್ತ ನನಗೇ ತೋರಿಸಿದರು.

"ನಿಮ್ಮ ಕಡೀದ್ದಲ್ರಿ ಸರ್ ಇದು? ಯಾರೋ ಮಹಾಶರಣೆಯಂತ ನೋಡ್ರಿ."

"ಹೌದ್ರಿ," ಅಂದೆ. "ಪಲ್ಯ ಭಾಳ ಚೊಲೊ ಮಾಡ್ತಿದ್ಲಂತ."

ಸೋಮವಾರ ಬ್ಯಾಂಡು ಹಚ್ಚಿ ಗದ್ದಿಗಿಗೆ ಅಭಿಷೇಕ ಎಂದು ಸುದ್ದಿಯಾಯಿತು. ಆ ಕಡೆಯ ಹುಡುಗರೂ ಸೋಮವಾರ ಅಲ್ಲೇ ಇರುತ್ತೇವೆ ಅಂದರು. ಗೋಡೆಯ ಕಲ್ಲುಗಳು ಇಬ್ಬರಿಗೂ ಕೈಗೆ ಎಟಕುವಂತೆ ಬಿದ್ದಿದ್ದವು. ನಾನು ರವಿವಾರವೇ ಊರಿಗೆ ಹೋದೆ. ಜೇಬಿನಲ್ಲಿ ಬಿಪಿ ಗುಳಿಗೆ, ಚೀಲದಲ್ಲಿ ಅಯೋಡಿನ್ ಮತ್ತು ಪಟ್ಟಿ. ಇಡೀ ಊರಿಗೆ ಸಾಕಾಗುವಷ್ಟು ಅಯೋಡಿನ್ ಯಾವ ಅಂಗಡಿಯಲ್ಲೂ ಇರುವುದಿಲ್ಲ ಎಂದು ದಾರಿಯಲ್ಲಿ ಹೊಳೆಯಿತು.

ನಮ್ಮ ಪಡಸಾಲೆಯಲ್ಲಿ ಮೊಬೈಲ್ ಅಂಗಡಿಯವನು ಮೊದಲೇ ಕೂತಿದ್ದ, ಹಿಂದೆ ಅವನ ಗೆಳೆಯರು.

"ನೀವೇನೂ ಮಾಡೂದು ಬ್ಯಾಡ ಮುತ್ಯಾ," ಎಂದು ಅಪ್ಪನಿಗೆ ಹೇಳುತ್ತಿದ್ದ. "ನಾಳೆ ಬಂದು ಮುಂದ ಕುಂದರ್ರಿ ಅಷ್ಟ. ನಿಮ್ಮ ಹೇಣ್ತಿ ಗದ್ದಿಗಿ, ನೀವಿಲ್ಲದ ಹ್ಯಾಂಗ?"

"ಅದು ಗದ್ದಿಗಿ ಅಲ್ಲೋ ತಮ್ಮಾ."

"ಈಗ ಆಗೈತಲ್ರಿ!"

ಅವರು ಎದ್ದು ಹೋಗುವ ಮೊದಲೇ ಕಾಕಾ ಬಂದ, ತನ್ನ ಕಡೆಯ ಇಬ್ಬರನ್ನು ಕರೆದುಕೊಂಡು. ನಾನು ಜೇಬಿನ ಬಿಪಿ ಗುಳಿಗೆಯನ್ನು ಮುಟ್ಟಿ ನೋಡಿಕೊಂಡೆ. ಕಾಕಾ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ದಿನವೂ ಕೂರುವ ಕಂಬದ ಹತ್ತಿರ ಕೂತು, ನೀರು ಕೇಳಿ ಕುಡಿದ.

"ನಾ ಒಂದ್ ಮಾತ ಹೇಳ್ತೇನಿ. ಗೋಡಿ ಅಲ್ಲಿ ಸ್ವಲ್ಪ ಬಾಗಸೂಣು. ವೈನಿನ ಸುತ್ತ ಹಾಕ್ಕೊಂಡು ಹೋಗ್ಲಿ. ಅಕಿ ನಿಮ್ಮ ಕಡೇನ ಇರ್ಲಿ. ಒಂದ್ ಎತ್ತಿನ ಬಂಡಿ ತಿರಗೂವಷ್ಟು ಜಾಗ, ಅದರಿಂದ ನಮ್ಮ ಸತ್ತವರಿಗೇನ ಇಕ್ಕಟ್ಟಾಗಂಗಿಲ್ಲ."

ಇಷ್ಟು ಸರಳ! ಬಾಗಿದ ಗೋಡೆ! ಎದ್ದು ಕಾಕಾನ ಕೈ ಹಿಡಿಯಬೇಕು ಅನ್ನುವಷ್ಟರಲ್ಲಿ, ಅವನ ಜೊತೆ ಬಂದ ಗಡ್ಡದ ತರುಣ ಮಾತು ತೆಗೆದ.

"ನೀವು ಕೊಡ್ರಿ ಕಾಕಾ, ನಿಮ್ಮದೇನ್ ಹೋಗೂದೈತಿ. ಇವತ್ತ ಗೋಡಿ ಬಾಗಿದ್ರ ನಾಳೆ ಮಸೂತಿ ಬಾಜೂಕ ಬರ್ತಾರ. ಸರ್ವೇ ಗೆರಿ ಅಂದ್ರ ಗೆರಿ."

"ಬಾಗಸೂದು ನಮಗೂ ಬ್ಯಾಡ," ಅಂದ ಮೊಬೈಲ್ ಅಂಗಡಿಯವನು. "ಬಾಗಸಿಕೊಂಡ್ರ ಉಳಿದದ್ದು ನಿಮ್ಮದಂತ ಒಪ್ಪಿದಂಗ ಆತಲ್ಲ? ನಮಗ ಭಿಕ್ಷಾ ಬ್ಯಾಡ."

ಎರಡೂ ಕಡೆಯ ತರುಣರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರು ಒಂದು ವಿಷಯಕ್ಕೆ ಒಮ್ಮತಕ್ಕೆ ಬಂದದ್ದು ಬಹುಶಃ ಅದೇ ಮೊದಲು: ಗೋಡೆ ಬಾಗಬಾರದು. ಆಮೇಲೆ ಬೇರೆ ಬೇರೆ ದಿಕ್ಕಿಗೆ ಎದ್ದು ಹೋದರು.

ಉಳಿದವರು ಮೂವರು. ಅಪ್ಪ ಗೋಡೆಗೆ ಒರಗಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ನಿಮ್ಮ ಹುಡುಗರು ಕೈ ಎತ್ತತಾರೇನು?" ಎಂದು ಕೇಳಿದ.

"ಇವತ್ತ ಮಸೂತ್ಯಾಗ ಹೇಳೀನಿ," ಅಂದ ಕಾಕಾ. "ನಮಾಜ್ ಮುಗಿಸಿ ಕಲ್ಲ ಹಿಡಿಯಾವ ನನ್ನ ಬಾಜೂ ನಿಂತು ನಮಾಜ್ ಮಾಡಬ್ಯಾಡ ಅಂತ. ಅಲ್ಲಾ ಸಬರ್ ಮಾಡ್ರಿ, ತಾಳಿಕೋರಿ ಅಂದಾನ, ಎದುರಿನವ ಸುಮ್ನಿದ್ರ ಅಷ್ಟ ಮಾಡ್ರಿ ಅಂದಿಲ್ಲ. ಅರ್ಧ ಮಂದಿ ಕೇಳಿದ್ರು. ಅರ್ಧ ಮಂದಿ ಫೋನ್ ನೋಡ್ತಿದ್ರು."

ಅಪ್ಪ, "ನಾಳೆ ನಾನ ಹೋಗಿ ಹೇಳ್ತೇನಿ, ಅಲ್ಲಿ ಯಾರೂ ಇಲ್ಲಂತ," ಅಂದ.

"ಯಾರೂ ಇಲ್ಲಂತ?"

"ಧರ್ಮದಾಗ ಇದ್ದದ್ದ ಅಲ್ಲ? ಗದ್ದಿಗಿ ಇಲ್ಲಂದ್ರ ಜಗಳಕ್ಕ ಜಾಗಾ ಎಲ್ಲಿ?"

ಕಾಕಾ ತಲೆಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. "ಅಣ್ಣಾ, ನಾಕ್ ಮಂದ್ಯಾಗ ಹಂಗಂದ್ರ ಮತ್ತ ನೀ ಸೋಮವಾರ ಬರಾಕ ಆಗಂಗಿಲ್ಲ ನೋಡ. ಒಂದ್ ಸಲ ಬಂದ್ರೂ ವಿಡಿಯೋ ಮಾಡ್ತಾರ."

"ಗೊತ್ತೈತಿ."

"ವಿಚಾರ ಮಾಡು."

"ಮಾಡೇನಿ. ಇಲ್ಲಂದ್ರ ಅಕಿ ಹೆಸರಿನ್ಯಾಗ ಯಾವನರ ಮಗನ ತಲಿ ಒಡೀತೈತಿ. ಆಮ್ಯಾಲ ನಾ ಲಿಂಗದ ಮುಂದ ಹ್ಯಾಂಗ ಕುಂದ್ರಲಿ?"

ನಾನು ನಡುವೆ ಬಾಯಿ ಹಾಕಿ, ಹುಕ್ಕೇರಿಯಿಂದ ಪೊಲೀಸರು ಬರುತ್ತಾರೆ, ಅವರೇ ನೋಡಿಕೊಳ್ಳಲಿ, ನಿನಗೇಕೆ ಅಂದೆ. ಇಬ್ಬರೂ ನನ್ನ ಕಡೆ ನೋಡಿದರು, ಹೊರಗೆ ನಾಯಿ ಬೊಗಳಿದಾಗ ನೋಡುವ ಹಾಗೆ, ಮತ್ತೆ ತಮ್ಮ ಮಾತಿಗೆ ಮರಳಿದರು.

ಸೋಮವಾರ ಮುಂಜಾನೆ ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮಾಡದೆ ಹೊರಟ. ಪೂಜೆಯ ನೀರಿನ ತಾಮ್ರದ ತಂಬಿಗೆ ನನ್ನ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಹೋಗುವುದಷ್ಟೇ ಶಾಂತಿಸ್ಥಾಪನೆಯಲ್ಲಿ ನನ್ನ ಪಾತ್ರ. ಅದನ್ನೂ ಅರ್ಧ ಚೆಲ್ಲಿದೆ. ಜಾಲಿಗಿಡಗಳಿದ್ದ ಕಡೆ ಕಾಕಾ ಬಂದು ಕೂಡಿಕೊಂಡ. ಬ್ಯಾಂಡಿನವರು ನೆರಳಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು. ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು, ನಡುವೆ ಕಲ್ಲಿನ ರಾಶಿ, ಅದರ ಮೇಲೆ ಒಬ್ಬ ಪೊಲೀಸಪ್ಪ ಕೂತಿದ್ದ. ಕಲ್ಲುಗಳ ಮೇಲೇ ಕೂತದ್ದು ಅವನ ಜಾಣತನವೋ, ಕಾಲು ನೋವೋ ತಿಳಿಯದು.

ಅಪ್ಪ ಯಾರನ್ನೂ ಮಾತಾಡಿಸಲಿಲ್ಲ. ಸುಣ್ಣ ಬಳಿದ ದಿಬ್ಬಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತ. ಕೊರಳಲ್ಲಿದ್ದ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಶುರು ಮಾಡಿದ. ಮನೆಯಲ್ಲಿ ಹೇಗೆ ಮಾಡುತ್ತಿದ್ದನೋ ಹಾಗೆಯೇ, ಅವಸರವಿಲ್ಲದೆ. ಪೂಜೆಗೆ ಕೂತವನನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ. ಸಣ್ಣವರಿದ್ದಾಗಿನಿಂದ ಕಲಿತದ್ದು, ಆ ಹುಡುಗರು ಹೆಗಲಿಗೆ ಕೇಸರಿ ಶಾಲು ಹೊದ್ದರೂ ಮರೆಯುವಂಥದ್ದಲ್ಲ. ಆ ಕಡೆಯವರನ್ನು ಕಾಕಾ ಬರೀ ಕಣ್ಣಿನಿಂದ ಹಿಡಿದಿದ್ದ. ಅಷ್ಟು ಮಂದಿ ಕೂಡಿದ ಜಾಗದಲ್ಲಿ ಚುರುಮುರಿ ತಿನ್ನುವ ಸದ್ದು ಕೇಳಿಸುತ್ತಿತ್ತು. ಎತ್ತಿ ಹಿಡಿದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ತನ್ನ ಅಂಗೈ ನೋಡುತ್ತ ಕೂತ ಮುದುಕನ ವಿಡಿಯೋವನ್ನು ಯಾರು ನೋಡುತ್ತಾರೆ?

ಪೂಜೆ ಮುಗಿಯಿತು. ಅಪ್ಪ ಲಿಂಗವನ್ನು ಅಂಗೈಯಲ್ಲೇ ಇಟ್ಟುಕೊಂಡು ಮಾತಾಡಿದ.

"ನಮ್ಮ ದೇವ್ರು ಇಲ್ಲಿ ಕೈಯಾಗ ಅದಾನ. ಮಣ್ಣಾಗಿಲ್ಲ. ಇಲ್ಲಿ ಕುಂದರ್ಸಿದ್ದು ನನ್ನ ಹೇಣ್ತಿನ್ನ, ನನ್ನ ಕೈಯಾರೆ ಕುಂದರ್ಸೀನಿ. ಅಕಿ ಲಿಂಗದಾಗ ಹೋದ್ಲು. ಇಲ್ಲಿ ಯಾರೂ ಇಲ್ಲ. ನೀವ ಯಾರ ಸಲುವಾಗಿ ಬಡದಾಡಾಕ ಬಂದೀರಿ, ಅಕಿನ ಇಲ್ಲಿಲ್ಲ. ಮನೀಗೆ ಹೋಗ್ರಿ."

ಆಮೇಲೆ ಮೊಬೈಲ್ ಅಂಗಡಿಯವನ ಹಿಂದಿನಿಂದ ಒಂದು ದನಿ ಬಂತು.

"ಹಂಗಾರ ಸೋಮವಾರಕ್ಕೊಮ್ಮೆ ಯಾರ ಕೂಡ ಮಾತಾಡ್ತಿದ್ದೆ ಮುತ್ಯಾ? ಪಲ್ಯದಾಗ ಉಪ್ಪು ಹೆಚ್ಚಾದದ್ದು ಯಾರಿಗೆ ಹೇಳ್ತಿದ್ದೆ?"

ನಗು ಎದ್ದಿತು. ಎರಡೂ ಕಡೆಯಿಂದ ಎದ್ದಿತು. ನನಗೆ ಅಪ್ಪನ ಮುಖ ನೋಡುವುದಾಗಲಿಲ್ಲ, ಅವನ ಕೈ ನೋಡಿದೆ. ಅಂಗೈ ಅಲುಗಲಿಲ್ಲ.

"ರೂಢಿ," ಅಂದ ಅಪ್ಪ. "ವಯಸ್ಸಾದವರಿಗೆ ಇರ್ತೈತಿ. ಇವತ್ತಿಗೆ ಬಿಟ್ಟೆ."

ಎದ್ದು ಧ್ವಜ ಕಿತ್ತು, ಒಂದು ಕೈಯಿಂದಲೇ ಮಣ್ಣು ಕೊಡವಿ, ಮೊಬೈಲ್ ಅಂಗಡಿಯವನ ಕೈಗೆ ಕೊಟ್ಟ. ಆಗ ಗಡ್ಡದ ತರುಣ, "ಸುಣ್ಣಾನೂ ತೆಗೀರಿ ಮತ್ತ" ಅಂದ. ಕಾಕಾ ಅವನ ಕಡೆ ತಿರುಗಿ ಏನೋ ಬೈಯಲು ಹೋದ. ಅಪ್ಪ ಬೇಡ ಎಂದು ಕೈಸನ್ನೆ ಮಾಡಿದ. ತಂಬಿಗೆಯಲ್ಲಿ ಉಳಿದಿದ್ದ ನೀರು ನಾನು ಸುರಿದೆ, ಅಪ್ಪ ಮತ್ತು ಕಾಕಾ ಇಬ್ಬರೂ ಬಗ್ಗಿ ಕೈಯಿಂದ ತಿಕ್ಕಿದರು. ನೀರು ಸಾಲಲಿಲ್ಲ. ಸುಣ್ಣ ಹೋಗದೆ ಮಣ್ಣಿನಲ್ಲಿ ಕಲಸಿ ಬೂದಿ ಬಣ್ಣಕ್ಕೆ ಬಂತು. ಅಷ್ಟರಲ್ಲಿ ಮಂದಿ ಚದುರತೊಡಗಿದ್ದರು. "ಅರಳು ಮರಳು" ಎಂದು ಒಬ್ಬ, "ಹೇಡಿ" ಎಂದು ಇನ್ನೊಬ್ಬ. ಬ್ಯಾಂಡಿನವರು ತಮ್ಮ ದಿನದ ಕೂಲಿ ಯಾರನ್ನು ಕೇಳಬೇಕೋ ತಿಳಿಯದೆ ನಿಂತಿದ್ದರು. ಯಾರ ತಲೆಯೂ ಒಡೆಯಲಿಲ್ಲ. ನನ್ನ ಅಯೋಡಿನ್ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಉಳಿಯಿತು.

ಧರ್ಮದಿಂದ ಶಾಂತಿ ಬರುತ್ತದೆಯೇ ಎಂದು ಆಮೇಲೆ ನಾನು ಬಸ್ಸಿನಲ್ಲಿ ಬಹಳ ಯೋಚಿಸಿದ್ದೇನೆ. ಅಂದು ಬಂತು, ನಾನೇ ನೋಡಿದ್ದೇನೆ. ಇಬ್ಬರು ಮುದುಕರು, ಬೇರೆ ಬೇರೆ ದೇವರಿಗೆ ಹೆದರುವವರು, ಊರಿಗೆ ಹೆದರದೆ ನಿಂತರು. ಪೊಲೀಸರಿಗೆ ಹೆದರಿ ಸುಮ್ಮನಿರುವ ನನ್ನಂಥವನ ಅಹಿಂಸೆ ಅದಲ್ಲ. ಆದರೆ ಬಂದದ್ದು ಎಷ್ಟು ದಿನ ಇತ್ತು ಎಂದು ಕೇಳಬಾರದು.

ಗೋಡೆ ನೆಟ್ಟಗೆ ಎದ್ದಿತು, ಒಂದು ಕಡೆಯೂ ಬಾಗದೆ. ಆ ಕಡೆ ಕಬ್ಬಿಣದ ಗೇಟು ಬಂತು, ಗೇಟಿಗೆ ಕೀಲಿ. ಬಾಗಿಸೋಣ ಅಂದದ್ದಕ್ಕೆ ಕಾಕಾನನ್ನು ಖಬರಸ್ತಾನದ ಕಮಿಟಿಯಿಂದ ತೆಗೆದರು. ಗಡ್ಡದ ತರುಣ ಆ ಜಾಗಕ್ಕೆ ಬಂದ. ಸುತ್ತಿನ ಊರುಗಳಿಗೆಲ್ಲ ಪೊಲೀಸರು ಹೊಸದಾಗಿ ಶಾಂತಿ ಸಮಿತಿ ಮಾಡಿದರು. ನಮ್ಮ ಊರಿನಿಂದ ಅದರಲ್ಲಿ ಅವನಿದ್ದಾನೆ, ಮೊಬೈಲ್ ಅಂಗಡಿಯವನೂ ಇದ್ದಾನೆ. ಅಪ್ಪನನ್ನು ಯಾರೂ ಕರೆಯಲಿಲ್ಲ. ಈಗ ಜಗಳ ಧ್ವನಿವರ್ಧಕದ್ದು. ಅದಕ್ಕೆ ಗೆರೆಯೂ ಬೇಡ, ಅವ್ವನೂ ಬೇಡ.

ಅಪ್ಪ ಸೋಮವಾರ ಹೊರಗೆ ಹೋಗುವುದನ್ನು ನಿಲ್ಲಿಸಿದ. ಮೊದಲ ಕೆಲವು ವಾರ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ, ಆಮೇಲೆ ಅಂಗಿ ಹಾಕಿಕೊಳ್ಳುವುದೂ ನಿಂತಿತು. ಮನೆಯಲ್ಲಿ ಮಾತು ಇಲ್ಲವೇ ಇಲ್ಲ. ತಮ್ಮನ ಹೆಂಡತಿಯೇ ಒಂದು ದಿನ ನನಗೆ ಫೋನು ಮಾಡಿ, "ಮಾವಾರಿಗೆ ಏನರ ಹೇಳ್ರಿ ಭಾವಾರ, ಪಲ್ಯಕ್ಕ ಹೆಸರಿಡ್ಲಿ ಬೇಕಾರ, ಬಾಯಿ ತೆಗೀಲಿ" ಅಂದಳು.

ಕಳೆದ ತಿಂಗಳು ನಾನು ಊರಿನಲ್ಲಿದ್ದಾಗ ಕಾಕಾ ಹಿತ್ತಲ ಬಾಗಿಲಿನಿಂದ ಬಂದ. ಮುಂಬಾಗಿಲಿನಿಂದ ಬರುವುದನ್ನು ಅವನು ಬಿಟ್ಟಿದ್ದಾನೆ. ಯಾರಾದರೂ ನೋಡಿದರೆ ಎರಡೂ ಕಡೆ ಮಾತಾಗುತ್ತದೆ.

"ಅಣ್ಣಾ, ಗೋಡಿ ಪಾಯಾ ತೆಗಿಯೂ ಮುಂದ ಜೆಸಿಬಿ ಗಾಲಿ ಹಾಯ್ದು ವೈನಿದು ಬಾಜೂ ಕುಸದಿತ್ತು. ಈಗ ಭಾಳ ಇಳದೈತಿ. ಮುಂಜಾನೆ ಗೇಟ್ ತೆಗದಾಗ ಒಂದ್ ಬುಟ್ಟಿ ಮಣ್ಣ ಹಾಕಿ ಏರಸ್ಲೇನು? ಯಾರಿಗೂ ಗೊತ್ತಾಗಂಗಿಲ್ಲ."

"ಬ್ಯಾಡ," ಅಂದ ಅಪ್ಪ.

"ಹಂಗ ಬಿಟ್ರ ನೆಲಕ್ಕ ಹತ್ತತೈತಿ. ಗುರ್ತ ಉಳಿಯಂಗಿಲ್ಲ."

"ಏರಿಸಿದ್ರ ಯಾರೋ ಅದಾರ ಅನ್ನಸ್ತೈತಿ."

ನಾನು, ಹಾಗಾದರೆ ನಾನೇ ಒಮ್ಮೆ ಹೋಗಿ ಬರುತ್ತೇನೆ ಅಂದೆ. ನನ್ನ ಜೀವನದಲ್ಲಿ ಚಿಂತಿಸದೆ ಆಡಿದ ಮಾತು ಅದೊಂದೇ ಇರಬೇಕು. ಅಪ್ಪ ತಲೆಯಲ್ಲಾಡಿಸಿದ.

"ನೀ ಹೋದ್ರೂ ನಾ ಹೋದಂಗ."

ಕಾಕಾ ಚಹಾ ಕುಡಿಯದೆ ಎದ್ದು ಹೋದ. ಅವನು ಹಿತ್ತಲು ದಾಟುವವರೆಗೆ ತಡೆದು, ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಪ್ಪಾ, ಅವತ್ತ ನೀ ಹೇಳಿದ್ದು ಖರೆ ಏನು? ಅವ್ವ ಅಲ್ಲಿ ಇಲ್ಲೇನು?"

ಅಪ್ಪ ಕಾಕಾ ಮುಟ್ಟದೆ ಬಿಟ್ಟ ಚಹಾದ ಬಟ್ಟಲನ್ನು ಬದಿಗೆ ಸರಿಸಿದ.

"ಲಿಂಗ ಕೈಯಾಗ ಹಿಡಕೊಂಡು ಹೇಳೀನಿ," ಅಂದ. "ಇನ್ನ ಅದು ಖರೆ ಆಗಾಕ ಬೇಕು."

ಎದ್ದು ಒಳಗೆ ಹೋಗಿ ಮಲಗಿದ. ನಾನು ಗೋಕಾಕದ ಬಸ್ಸು ಹಿಡಿದೆ. ಬಸ್ಸು ಊರು ಬಿಡುವಾಗ ಆ ಗೋಡೆಯ ಬಾಜೂಕ್ಕೇ ಹಾಯುತ್ತದೆ. ಎದ್ದು ನಿಂತು ಕಿಟಕಿಯಿಂದ ನೋಡಿದೆ. ಗೋಡೆ ಎತ್ತರವಿದೆ, ಒಳಗಿನದು ಏನೂ ಕಾಣುವುದಿಲ್ಲ.